ಮನೆಮಂದಿಯೆಲ್ಲ ಪರದೇಶಕ್ಕೆ ಹೊರಟಾಗ

ನಿಮ್ಮ ಮನೆಯಲ್ಲಿಯೂ ಈ ಮಾತು ಬಂದಿರಬಹುದು. ದೀಪಾವಳಿಗೋ ನಾಗರಪಂಚಮಿಗೋ ಎಲ್ಲರೂ ಮೂಲಮನೆಯಲ್ಲಿ ಸೇರಿರುತ್ತಾರೆ. ಊಟ ಮುಗಿದು ಜಗಲಿಯಲ್ಲಿ ಕುಳಿತಿರುತ್ತಾರೆ. ಆಗ ಯಾರೋ ಒಬ್ಬರು, “ಒಮ್ಮೆ ನಾವೆಲ್ಲ ಒಟ್ಟಿಗೆ ಹೊರದೇಶಕ್ಕೆ ಹೋಗಿ ಬರುವ” ಎನ್ನುತ್ತಾರೆ. ಮಕ್ಕಳು ಕುಣಿಯುತ್ತವೆ. ದೊಡ್ಡವರು ನಗುತ್ತಾರೆ. ಅಜ್ಜ ಏನೂ ಹೇಳುವುದಿಲ್ಲ. ಮರುದಿನ ಎಲ್ಲರೂ ತಂತಮ್ಮ ಊರಿಗೆ ಹೋದ ಮೇಲೆ ಆ ಮಾತು ಜಗಲಿಯಲ್ಲಿಯೇ ಉಳಿದುಬಿಡುತ್ತದೆ.

ನಮ್ಮಲ್ಲಿಯೂ ಹಾಗೆ ಹಲವು ವರ್ಷ ಉಳಿದಿತ್ತು. ನಮ್ಮದು ಮೂರು ತಾಲೂಕುಗಳಲ್ಲಿ ಹರಡಿದ ಸಂಸಾರ. ಮೂಲಮನೆ ಕಡಬದ ಕಡೆ, ಕುಮಾರಧಾರೆಗೆ ಸಮೀಪ. ಅಲ್ಲಿ ಮಾವ, ಅತ್ತೆ, ತೋಟ ನೋಡಿಕೊಳ್ಳುವ ದೊಡ್ಡ ಮೈದುನ, ಅವನ ಹೆಂಡತಿ, ಮಗು. ನಾವು ಸುಳ್ಯ ಪೇಟೆಯಲ್ಲಿ. ನಾದಿನಿಯನ್ನು ಕೊಟ್ಟದ್ದು ಪುತ್ತೂರಿಗೆ. ಚಿಕ್ಕ ಮೈದುನ ಹತ್ತು ಹನ್ನೆರಡು ವರ್ಷಗಳಿಂದ ದುಬೈಯಲ್ಲಿ. ಕಡಬ ಬೇರೆ ತಾಲೂಕಾಗುವ ಮೊದಲು ಈ ಲೆಕ್ಕದಲ್ಲಿ ಒಂದು ಕಡಿಮೆಯಿತ್ತೆನ್ನಿ. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ತೆಗೆದೇ ಅದನ್ನು ಮಾಡಿದ್ದು. ೨೦೨೫ರ ಏಪ್ರಿಲ್ ಮೊದಲ ವಾರದಲ್ಲಿ ಈ ಸಂಸಾರದ ಹನ್ನೊಂದು ಮಂದಿ ದುಬೈಗೆ ಹೋಗಿ ಬಂದೆವು. ಎರಡು ವರ್ಷದ ಕೂಸು ಒಂದು ತುದಿ, ಎಪ್ಪತ್ತೊಂಬತ್ತು ವರ್ಷದ ಮಾವ ಇನ್ನೊಂದು ತುದಿ. ಆ ಪ್ರಯಾಣದ ಸಿದ್ಧತೆಯ ವಿಚಾರವಾಗಿ ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ನೋಡಿದ ಸ್ಥಳಗಳ ವರ್ಣನೆಯನ್ನು ನಿಮಗೆ ಬೇರೆಯವರು ಬೇಕಾದಷ್ಟು ಕೊಡುತ್ತಾರೆ.

ಮೊದಲು ನಾವು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ೨೦೧೭ರಲ್ಲಿ ನಾವು ನಾಲ್ವರು ಮತ್ತು ನಾದಿನಿ, ಅವಳ ಗಂಡ, ಹೀಗೆ ಆರು ಮಂದಿ ಸಿಂಗಾಪುರಕ್ಕೆ ಹೋಗಿದ್ದೆವು. ಹೊರಡುವ ಮೊದಲು ಮಾವನನ್ನು ಕೇಳಿದೆವು, ಕೇಳಲಿಲ್ಲವೆಂದಲ್ಲ. “ಮಾವ, ನೀವೂ ಬರುತ್ತೀರಾ?” ಎಂದು ನಾನೇ ಕೇಳಿದೆ. “ನನಗೆಂತಕ್ಕೆ ಅದೆಲ್ಲ? ನೀವು ಹೋಗಿ ಬನ್ನಿ. ತೋಟಕ್ಕೆ ಯಾರಾದರೂ ಬೇಕಲ್ಲ” ಎಂದರು. ನಾವು ಅಷ್ಟಕ್ಕೇ ಬಿಟ್ಟೆವು. ನಮ್ಮ ಕಡೆ ಪಂಕ್ತಿಯಲ್ಲಿ ಪಾಯಸ ಬಡಿಸುವವನಿಗೆ “ಸಾಕು, ಸಾಕು” ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರು ನಿಜಕ್ಕೂ ಸಾಕಾದವರೇ ಆಗಿರಬೇಕೆಂದಿಲ್ಲ. ಬಡಿಸುವವನಿಗೆ ಅದು ಗೊತ್ತು, ಕೈಯ ಸಂದಿಯಲ್ಲಿಯೇ ಒಂದು ಸೌಟು ಬಿಡುತ್ತಾನೆ. ಪಾಯಸಕ್ಕೆ ಇಷ್ಟು ಉಪಚಾರ ಬಲ್ಲ ನಾವು ಪ್ರಯಾಣಕ್ಕೆ ಮಾತ್ರ ಒಂದು ‘ಬೇಡ’ವನ್ನು ಕೇಳಿ ನೆಮ್ಮದಿಯಾಗಿ ಟಿಕೆಟು ತೆಗೆದೆವು.

ಐದಾರು ವರ್ಷ ಕಳೆದ ಮೇಲೆ, ಒಮ್ಮೆ ತೋಟದ ತೀರ್ವೆಯ ರಶೀದಿ ಹುಡುಕುವಾಗ ಮಾವನ ಮರದ ಪೆಟ್ಟಿಗೆಯಲ್ಲಿ ಸುಳ್ಯದ ಸ್ಟುಡಿಯೋ ಒಂದರ ಸಣ್ಣ ಲಕೋಟೆ ಸಿಕ್ಕಿತು. ಒಳಗೆ ಮಾವನ ಆರು ಭಾವಚಿತ್ರಗಳು. ಬಿಳಿ ಹಿನ್ನೆಲೆ, ಇಸ್ತ್ರಿ ಮಾಡಿದ ಅಂಗಿ, ಪಾಸ್‌ಪೋರ್ಟಿನ ಅಳತೆ. ಲಕೋಟೆಯ ಮೇಲಿನ ತಾರೀಕು ನಾವು ಸಿಂಗಾಪುರಕ್ಕೆ ಹೋಗುವುದಕ್ಕೆ ಎರಡು ತಿಂಗಳ ಹಿಂದಿನದು. ನಾನು ಅದನ್ನು ಇದ್ದಲ್ಲಿಯೇ ಇಟ್ಟೆ. ಅವರಿಗೆ ಏನೂ ಹೇಳಲಿಲ್ಲ. ಆ ರಾತ್ರಿ ನಮ್ಮವರಿಗೆ ಹೇಳಿದೆ. ಇಬ್ಬರಿಗೂ ಬಹಳ ಹೊತ್ತು ನಿದ್ರೆ ಬರಲಿಲ್ಲ.

ನಮ್ಮ ಮಾವ ಹರೆಯದಲ್ಲಿ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ಶಾಲೆಯ ಪುಸ್ತಕ ಭಂಡಾರದಿಂದ ತಂದು ಓದಿದವರು. ಕಾರಂತರು ಆಗ ಪುತ್ತೂರಿನ ಬಾಲವನದಲ್ಲಿದ್ದರು. ನಮ್ಮೂರವರೇ ಒಬ್ಬರು ಯುರೋಪನ್ನು ಕಂಡು ಬಂದು ಬರೆದಿದ್ದಾರೆಂದರೆ ಆ ಕಾಲದ ಹುಡುಗರಿಗೆ ಅದೆಷ್ಟು ದೊಡ್ಡ ಸಂಗತಿ! ಆ ಪುಸ್ತಕದ ಸುದ್ದಿಯನ್ನು ಮಾವ ಎಷ್ಟೋ ಸಲ ಎತ್ತಿದ್ದರು. ನಮಗೇ ಅದು ಕೇಳಿಸಿರಲಿಲ್ಲ.

ಆದುದರಿಂದ ಈ ಸಲ ನಾವು ಊರು ಯಾವುದೆಂದು ಮೊದಲು ಕೇಳಲಿಲ್ಲ. ಮಾವ, ಅತ್ತೆ ಬರುವುದೆಂದು ನಿಶ್ಚಯಿಸಿ, ಅವರಿಗೆ ಹೊಂದುವ ಊರನ್ನು ಹುಡುಕಿದೆವು. ನೀವೂ ಹಾಗೆಯೇ ಮಾಡಿರೆಂದು ನನ್ನ ಸಲಹೆ. ಮಕ್ಕಳ ಕೈಯಲ್ಲಿ ಆಯ್ಕೆ ಕೊಟ್ಟರೆ ಮಂಜು ಬೀಳುವ ದೇಶವನ್ನು ಹೇಳುತ್ತಾರೆ. ಅಲ್ಲಿಗೆ ಹೋಗಲು ಶಿರಾಡಿ ಘಾಟಿ ಹತ್ತಿ ಬೆಂಗಳೂರು ಸೇರಬೇಕು, ಅಲ್ಲಿ ರಾತ್ರಿಯಿಡೀ ಕಾದು ವಿಮಾನ ಹತ್ತಬೇಕು, ನಡುವೆ ಇನ್ನೊಂದು ನಿಲ್ದಾಣದಲ್ಲಿ ಇಳಿದು ಬೇರೆ ವಿಮಾನ ಹಿಡಿಯಬೇಕು. ಮೊಣಕಾಲು ನೋವಿನ ಅತ್ತೆಗೆ ವಿಮಾನದ ಹೊತ್ತಿಗಿಂತ ಈ ಕಾಯುವ ಹೊತ್ತೇ ಕಠಿಣ. ದುಬೈಗಾದರೋ ಮಂಗಳೂರಿನ ಬಜ್ಪೆಯಿಂದಲೇ ನೇರ ವಿಮಾನವುಂಟು. ೨೦೦೬ರಿಂದ ಈ ಸೌಕರ್ಯವಿದೆ. ಮೂರೂವರೆ ನಾಲ್ಕು ಗಂಟೆಯ ಹಾರಾಟ. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಿಟ್ಟರಾಯಿತು, ಮುದುಕರ ನಿದ್ರೆ ಕೆಡುವುದಿಲ್ಲ. ಮೇಲಾಗಿ ಇಳಿದಲ್ಲಿ ಸ್ವಂತ ಮಗನ ಮನೆ. ಮಾವ ಆ ಮನೆಯನ್ನು ಮೊಬೈಲಿನ ಪರದೆಯಲ್ಲಿ ಮಾತ್ರ ಕಂಡಿದ್ದರು. ನಿಮ್ಮ ಮಗನೋ ಮಗಳೋ ಇರುವುದು ಬೇರೆ ದೇಶದಲ್ಲಾದರೆ ನಿಮ್ಮ ಲೆಕ್ಕ ಬೇರೆಯಾದೀತು.

ಊರು ನಿಂತ ಮೇಲೆ ಸಮಯ. ಪೇಟೆಯ ನೌಕರಿಯವರಿಗೆ ರಜೆಯೊಂದೇ ಚಿಂತೆ; ಅಡಿಕೆ ತೋಟವಿರುವ ಮನೆಗೆ ಹಾಗಲ್ಲ. ಜೂನಿನಿಂದ ಆಗಸ್ಟಿನವರೆಗೆ ಮಳೆಯ ಬಿಡುವು ನೋಡಿ ಮದ್ದು ಬಿಡಬೇಕು. ಒಂದು ಸುತ್ತು ತಪ್ಪಿತೋ, ಕೊಳೆರೋಗ ಬಂದು ಎಳೆಯ ಕಾಯಿ ಬುಡಕ್ಕೆ ಉದುರುತ್ತದೆ. ಆ ಮೇಲೆ ಕೊಯ್ಲು, ಅಂಗಳದಲ್ಲಿ ಒಣಗಿಸುವುದು, ಸುಲಿಯುವುದು. ಡಿಸೆಂಬರಿನಿಂದಾಚೆ ಮಳೆ ಬೀಳುವವರೆಗೆ ನೀರು. ಹಟ್ಟಿಯ ಹಸುಗಳಿಗಂತೂ ರಜೆಯೆಂಬುದಿಲ್ಲ. ದುಬೈಯ ಹವೆ ಚೆನ್ನಾಗಿರುವ ಡಿಸೆಂಬರ್, ಜನವರಿ ನಮಗೆ ಕೆಲಸದ ಸುಗ್ಗಿ. ವಿಮಾನದ ದರವೂ ಆಗ ಮುಗಿಲಿಗೆ. ನಮ್ಮ ಮಕ್ಕಳಿಗೆ ರಜೆಯಿರುವ ಮೇ ತಿಂಗಳಲ್ಲಿ ಅಲ್ಲಿ ಹೊರಗೆ ಕಾಲಿಡುವಂತಿಲ್ಲ. ಇದರ ನಡುವೆ ದೈವ ದೇವರ ಕಾರ್ಯಗಳು ಬೇರೆ: ಷಷ್ಠಿಗೆ ಸುಬ್ರಹ್ಮಣ್ಯ, ಏಪ್ರಿಲ್ ಹತ್ತಕ್ಕೆ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಯ ಧ್ವಜಾರೋಹಣ, ಅದರ ಬೆನ್ನಿಗೇ ಬಿಸು. ಬಿಸು ಕಣಿಗೆ ಮನೆಯ ಹಿರಿಯರು ಮನೆಯಲ್ಲಿಲ್ಲವೆಂದರೆ ಹೇಗೆ? ಗೋಡೆಯ ಕ್ಯಾಲೆಂಡರನ್ನು ಇಳಿಸಿ ನೆಲದಲ್ಲಿ ಹಾಸಿ, ಆಗದ ದಿನಗಳನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದೆವು. ಪರೀಕ್ಷೆ ಮುಗಿದು ಜಾತ್ರೆಗೆ ಕೊಡಿ ಏರುವ ಮೊದಲಿನ ಒಂದು ವಾರ ಮಾತ್ರ ಬಿಳಿಯಾಗಿ ಉಳಿಯಿತು. ಆ ವರ್ಷ ರಂಜಾನ್ ಮಾರ್ಚಿ ಕೊನೆಗೆ ಮುಗಿದದ್ದರಿಂದ ಅದೂ ಅನುಕೂಲವೇ ಆಯಿತು. ನೀವು ಗಲ್ಫಿಗೆ ಹೋಗುವುದಾದರೆ ಆ ತಿಂಗಳು ಯಾವಾಗ ಬರುತ್ತದೆಂದು ನೋಡಿಕೊಳ್ಳಿ; ಅದು ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ.

ಏಪ್ರಿಲೆಂದರೆ ತೋಟಕ್ಕೆ ನೀರು ತಪ್ಪಬಾರದ ಕಾಲ. ಹಾಗಾದರೆ ಯಾರು ಉಳಿಯುವುದು? ಇದು ಎಲ್ಲ ಮನೆಗಳಲ್ಲಿಯೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಕೇಳುವುದಿಲ್ಲವೇಕೆಂದರೆ, ಉತ್ತರ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ: ತೋಟ ನೋಡುವವನು ಉಳಿಯುವುದು, ಅವನ ಹೆಂಡತಿ ಉಳಿಯುವುದು, ಇಲ್ಲವೆ ಮುದುಕರು ಉಳಿಯುವುದು. ಹೋಗುವವರು ಪ್ರತಿ ಸಲವೂ ಅವರೇ, ಉಳಿಯುವವರು ಪ್ರತಿ ಸಲವೂ ಇವರೇ ಎಂದಾದರೆ ತಂದ ಚಾಕಲೇಟನ್ನು ಹಂಚಿದ ಮಾತ್ರಕ್ಕೆ ಸಮನಾಗುವುದಿಲ್ಲ. ಈ ಸಲ ನಮ್ಮವರು, “ನಾನು ಸಿಂಗಾಪುರಕ್ಕೆ ಹೋದವ, ನಾನು ಉಳಿಯುತ್ತೇನೆ” ಎಂದರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮನುಷ್ಯ. ದೊಡ್ಡ ಮೈದುನ ನನ್ನ ಕಡೆ ತಿರುಗಿ, “ಅತ್ತಿಗೆ, ಅಣ್ಣನಿಗೆ ಪಂಪು ಸ್ಟಾರ್ಟ್ ಮಾಡಲು ಗೊತ್ತುಂಟಾ?” ಎಂದ. ಗೊತ್ತಿರಲಿಲ್ಲ. ಹೊರಡುವುದಕ್ಕೆ ಒಂದು ತಿಂಗಳ ಮೊದಲಿನಿಂದ ಇವರು ಶನಿವಾರ, ಆದಿತ್ಯವಾರ ಸುಳ್ಯದಿಂದ ಹೋಗಿ ಯಾವ ಗೇಟ್‌ವಾಲ್ವ್ ಯಾವ ಭಾಗಕ್ಕೆ, ಕರೆಂಟು ಯಾವಾಗ ಬರುತ್ತದೆ, ಸ್ಪ್ರಿಂಕ್ಲರಿನ ಬಾಯಿ ಕಟ್ಟಿದರೆ ಏನು ಮಾಡಬೇಕೆಂಬುದನ್ನೆಲ್ಲ ಕಲಿತರು. ನೆರೆಮನೆಯವರು ಹಾಲು ಕರೆಯಲು ಒಪ್ಪಿಕೊಂಡರು. ಪಾಸ್‌ಪೋರ್ಟು ಮಾಡಿಸುವುದರಷ್ಟೇ ಮುಖ್ಯವಾದ ಸಿದ್ಧತೆ ಇದೂ ಎಂದು ನನ್ನ ಎಣಿಕೆ.

ಪಾಸ್‌ಪೋರ್ಟಿನ ವಿಷಯಕ್ಕೆ ಬರೋಣ. ಇದಕ್ಕೆ ಆರು ತಿಂಗಳಾದರೂ ಮೊದಲು ಕೈ ಹಾಕಿ. ಹಿರಿಯರ ಕಾಗದಪತ್ರಗಳಲ್ಲಿ ಒಂದಕ್ಕೊಂದು ತಾಳೆಯಿರುವುದಿಲ್ಲ. ಮಾವನ ಹೆಸರು ಆಧಾರದಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆ. ಒಂದು ಕಡೆ ಊರಿನ ಮೊದಲಕ್ಷರ ಹಿಂದೆ, ಒಂದು ಕಡೆ ಮುಂದೆ. ಹುಟ್ಟಿದ ದಿನ ಶಾಲೆಯ ಮಾಸ್ತರರು ಬರೆದುಕೊಂಡ ಜೂನ್ ಒಂದು. ನಮ್ಮ ಹಿಂದಿನ ತಲೆಮಾರಿನ ಅರ್ಧ ಊರೇ ಜೂನ್ ಒಂದರಂದು ಹುಟ್ಟಿದ್ದು! ಅತ್ತೆಯದ್ದು ಇನ್ನೊಂದು ಬಗೆಯ ತೊಡಕು. ಮತದಾರರ ಚೀಟಿಯಲ್ಲಿ ಬರೇ ಹೆಸರು, ಮುಂದೆ ಹಿಂದೆ ಏನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಅರಬ್ ಸಂಯುಕ್ತ ಸಂಸ್ಥಾನದವರು ೨೦೨೨ರ ನವೆಂಬರಿನಲ್ಲಿ ಹೇಳಿದರು; ಆಮೇಲೆ, ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತೆಂದು ಸಡಿಲಿಸಿದರು. ಮೊದಲೇ ಎರಡು ಪದದ ಹೆಸರು ಬರೆಸಿಕೊಂಡರೆ ಈ ತಲೆನೋವೇ ಇಲ್ಲ. ಅರವತ್ತು ದಾಟಿದವರಿಗೆ ಹೊಸ ಪಾಸ್‌ಪೋರ್ಟಿನ ಶುಲ್ಕದಲ್ಲಿ ನೂರಕ್ಕೆ ಹತ್ತು ರಿಯಾಯಿತಿಯುಂಟು. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಹೆಚ್ಚೆಂದರೆ ಐದು ವರ್ಷದ ಆಯುಷ್ಯ. ಆದ್ದರಿಂದ ಹಳೆಯದು ಇದೆಯೆಂದು ನಂಬಿ ಕೂರಬೇಡಿ. ಹೊರಡುವ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿದೆಯೇ ಎಂದು ಎಲ್ಲರದ್ದನ್ನೂ ತೆರೆದು ನೋಡಿ.

ಮಂಗಳೂರಿನ ಪಾಸ್‌ಪೋರ್ಟ್ ಕಚೇರಿಗೆ ಮಾವ, ಅತ್ತೆಯನ್ನು ಕರೆದುಕೊಂಡು ಹೋದ ದಿನ ಒಂದು ವಿನೋದ ನಡೆಯಿತು, ವಿನೋದವೆನ್ನಬಹುದೋ ಹೇಗೋ. ಅತ್ತೆಯ ಬೆರಳಚ್ಚು ಯಂತ್ರಕ್ಕೆ ಹಿಡಿಯಲೇ ಇಲ್ಲ. ಐವತ್ತು ವರ್ಷ ಅಡಿಕೆ ಸುಲಿದ ಕೈ, ರೇಖೆಗಳೆಲ್ಲ ಸವೆದುಹೋಗಿದ್ದವು. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ, “ಅಮ್ಮಾ, ಕೈ ತೊಳೆದು ಒರೆಸಿ ಬನ್ನಿ” ಎಂದು ಮೂರು ಸಲ ತೆಗೆದಳು. ಮೂರನೆಯ ಸಲ ಆಯಿತು. ಕೆಲಸ ಮಾಡಿದ ಕೈಯವರು ಮನೆಯಲ್ಲಿದ್ದರೆ ಹದಿನೈದು ದಿನ ಮೊದಲಿನಿಂದ ರಾತ್ರಿ ಬೆರಳಿಗೆ ಎಣ್ಣೆ ಸವರಲು ಹೇಳಿ.

ಇನ್ನು ಹಣ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಪಿಂಚಣಿ, ಒಬ್ಬನಿಗೆ ದಿರ್ಹಾಮು, ಒಬ್ಬನಿಗೆ ಅಡಿಕೆಯ ಧಾರಣೆ ಏರಿದರೆ ಉಂಟು, ಇಳಿದರೆ ಇಲ್ಲ. ದುಬೈಯವನು ಒಳ್ಳೆಯ ಮನಸ್ಸಿನಿಂದಲೇ, “ಎಲ್ಲ ಖರ್ಚು ನನ್ನದು” ಎಂದ. ದೊಡ್ಡ ಮೈದುನ ಆ ಮಾತಿಗೆ ತಲೆ ತಗ್ಗಿಸಿ ಎದ್ದು ಹಟ್ಟಿಯ ಕಡೆ ಹೋದ. ಅವನ ಹಿಂದೆಯೇ ಅವನ ಹೆಂಡತಿಯ ಮುಖವೂ ಬಾಡಿತು. ಓರಗಿತ್ತಿಯರಿಗೆ ಇಂಥದು ಬೇಗ ತಿಳಿಯುತ್ತದೆ. ಒಂದು ವಾರ ಬಿಟ್ಟು ಪುನಃ ಕುಳಿತು ಹೀಗೆ ಮಾಡಿದೆವು: ಅವರವರ ಸಂಸಾರದ ಟಿಕೆಟು ಅವರವರದು, ಮಾವ, ಅತ್ತೆಯ ಟಿಕೆಟು, ವೀಸಾ, ವಿಮೆ ಮೂವರು ಗಂಡುಮಕ್ಕಳೂ ಮಗಳೂ ಸೇರಿ ನಾಲ್ಕು ಪಾಲು, ಅಲ್ಲಿ ಇಳಿದ ಮೇಲೆ ಊಟ, ವಸತಿ ಚಿಕ್ಕವನದು, ಏಕೆಂದರೆ ಅದು ಅವನ ಮನೆ, ಓಡಾಟಕ್ಕೆ ಒಂದು ಸಾಮಾನ್ಯ ಚೀಲ. ಚೀಲದ ಲೆಕ್ಕ ನಾದಿನಿಯ ಗಂಡನಿಗೆ. ಭಾವ ಅಂಗಡಿಯವರು, ದಿನ ರಾತ್ರಿ ನೋಟುಪುಸ್ತಕದಲ್ಲಿ ಬರೆದು ಎಲ್ಲರಿಗೂ ಓದಿ ಹೇಳುತ್ತಿದ್ದರು. ಅವನ ಮನೆಯಲ್ಲಿ ಎರಡೇ ಕೋಣೆಯಾದ್ದರಿಂದ ಅದೇ ಕಟ್ಟಡದಲ್ಲಿ ಎಂಟು ದಿನಕ್ಕೆ ಇನ್ನೊಂದು ಮನೆ ಹಿಡಿಯಬೇಕಾಯಿತು. ಇದನ್ನು ಮೊದಲೇ ಯೋಚಿಸಿದ್ದರಿಂದ ಅವನ ಹೆಂಡತಿಗೆ ಉಸಿರಾಡಲು ಸಾಧ್ಯವಾಯಿತು. ನೀವು ಪ್ರವಾಸ ಸಂಸ್ಥೆಯ ಮೂಲಕ ಹೋಗುವವರಾದರೆ ಕೊಟ್ಟ ಹಣದ ಮೇಲೆ ಮೂಲದಲ್ಲಿಯೇ ಆದಾಯ ತೆರಿಗೆ ಹಿಡಿಯುತ್ತಾರೆ. ಅದರ ಚೀಟಿಯನ್ನು ಜೋಪಾನವಾಗಿಡಿ; ವರ್ಷದ ಲೆಕ್ಕ ಸಲ್ಲಿಸುವಾಗ ವಜಾ ಸಿಗುತ್ತದೆ.

ಈಗ ಎಲ್ಲರೂ ಹೇಳಲು ಅಂಜುವ ಸಂಗತಿ. ಮಾವನಿಗೆ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ ನಾಲ್ಕು ವರ್ಷವಾಗಿತ್ತು. ಎಲ್ಲ ಸೇರಿದ್ದ ದಿನ ಅವರೇ ಬಾಯಿಬಿಟ್ಟರು: “ಅಲ್ಲಿ ನನಗೆ ಏನಾದರೂ ಆದರೆ?” ನಾದಿನಿ, “ಬಿಡ್ತು ಅನ್ನಿ ಅಪ್ಪ” ಎಂದಳು. ಆದರೆ ಚಿಕ್ಕ ಮೈದುನ ಫೋನಿನಲ್ಲಿಯೇ ನೆಟ್ಟಗೆ ಉತ್ತರ ಕೊಟ್ಟ. ಅಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ವೆಚ್ಚ ಮಾತ್ರ ಬಹಳ, ಅದಕ್ಕೆ ವಿಮೆ. ವಿಮೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸ್ಟೆಂಟು ಎಲ್ಲವನ್ನೂ ಮುಚ್ಚಿಡದೆ ಬರೆಯಬೇಕು. ಕಂತು ಹೆಚ್ಚಾದರೆ ಆಗಲಿ. ಬಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣ ಬರಲಿಕ್ಕಿಲ್ಲ. ಮೊದಲೇ ಇದ್ದ ಕಾಯಿಲೆಗೂ ಸಲ್ಲುವ ಪಾಲಿಸಿಯೇ ಹೌದೋ ಎಂದು ಓದಿ ನೋಡಬೇಕು. ತೀರಿಹೋದರೆ? ಮರಣಪತ್ರ, ಭಾರತದ ಕಾನ್ಸುಲೇಟಿನ ಒಪ್ಪಿಗೆ, ಪಾಸ್‌ಪೋರ್ಟಿನ ರದ್ದು, ಇಷ್ಟಾದ ಮೇಲೆ ದೇಹವನ್ನು ಊರಿಗೆ ಕಳುಹಿಸಬಹುದು. ಅದರ ವೆಚ್ಚವನ್ನು ಕೊಡುವ ವಿಮೆಯೂ ಉಂಟು. ಅಲ್ಲಿಯೇ ಮಾಡುವುದಾದರೆ ಜೆಬೆಲ್ ಅಲಿಯಲ್ಲಿ ಹಿಂದೂಗಳ ದಹನಭೂಮಿ ಇದೆ. ಇಷ್ಟನ್ನೂ ಅವನು ಹೇಳಿದ. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಮಾವ ಸ್ವಲ್ಪ ಹೊತ್ತು ಅಂಗಳ ನೋಡುತ್ತಿದ್ದು, “ಸರಿ, ಹಾಗಾದರೆ ಹೋಗುವ” ಎಂದರು. ಅದುವರೆಗೆ ನಾವು ಯಾರೂ ಅವರ ಬಾಯಿಯಿಂದ ‘ಹೋಗುವ’ ಎಂಬ ಮಾತನ್ನು ಕೇಳಿರಲಿಲ್ಲ.

ಅತ್ತೆಯ ಭಯ ಬೇರೆ. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಉರುಳಿ ೧೫೮ ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ನಮ್ಮ ಜಿಲ್ಲೆಯ ಹೆಂಗಸರಿಗೆ ಆ ಬೆಳಗು ಮರೆತಿಲ್ಲ. ಇಂಥ ಭಯವನ್ನು “ಏನೂ ಆಗುವುದಿಲ್ಲ” ಎಂದು ನಕ್ಕು ತಳ್ಳಬೇಡಿ. ಅತ್ತೆ ಇದನ್ನು ಹೇಳಿದಾಗ ನಾವು ಕೇಳಿಕೊಂಡೆವು, ಅಷ್ಟೆ. ಹೋಗುವ ಹಿಂದಿನ ವಾರ ಸುಬ್ರಹ್ಮಣ್ಯಕ್ಕೆ ಹೋಗಿ ಕೈಮುಗಿದು ಬಂದರು. ವಿಮಾನದಲ್ಲಿ ಮೊಮ್ಮಗಳ ಕೈ ಹಿಡಿದು ಕಣ್ಣು ಮುಚ್ಚಿ ಕುಳಿತವರು, ಮೇಲೆ ಹೋಗಿ ಚಹಾ ಬಂದ ಮೇಲೆಯೇ ಕಣ್ಣು ಬಿಟ್ಟದ್ದು.

ಕಟ್ಟಿಕೊಳ್ಳುವ ಸಾಮಾನಿನ ಬಗ್ಗೆ ನಮ್ಮ ಕಡೆಯವರು ವಿಶೇಷವಾಗಿ ತಿಳಿದಿರಬೇಕಾದದ್ದುಂಟು. ಒಣಕೊಬ್ಬರಿಯನ್ನು ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಎಣ್ಣೆಯ ಅಂಶದಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತುಗಳಲ್ಲಿ ಅದನ್ನು ಸೇರಿಸಿದ್ದಾರೆ, ನಮ್ಮ ದೇಶದಲ್ಲಿ ೨೦೨೨ರಿಂದ ಈ ನಿಷೇಧ ಬಿಗಿಯಾಗಿದೆ. ಗಸಗಸೆಯನ್ನು ಮನೆಯಲ್ಲಿಯೇ ಬಿಡಿ. ನಮಗೆ ಅದು ಪಾಯಸದ ಸಾಮಾನು. ದುಬೈ, ಸಿಂಗಾಪುರಗಳಲ್ಲಿ ಅಫೀಮಿನ ಸಂಬಂಧಿ, ಸಿಕ್ಕಿದರೆ ಕೇಸು. ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿ. ಕುಚ್ಚಲಕ್ಕಿ ಹೊರುವ ಅಗತ್ಯವಿಲ್ಲ. ಮಲೆಯಾಳಿಗಳೂ ನಮ್ಮವರೂ ಇರುವ ಊರು, ಅಂಗಡಿಯಲ್ಲಿಯೇ ಸಿಗುತ್ತದೆ. ಉಡುಗೊರೆಗೆ ನಾವು ಪುತ್ತೂರಿನ ಕ್ಯಾಂಪ್ಕೊ ಚಾಕಲೇಟನ್ನು ಒಯ್ದೆವು. ಅಲ್ಲಿಂದ ಎಲ್ಲರೂ ಚಾಕಲೇಟು ತರುವಾಗ ಇಲ್ಲಿಂದ ಹೊತ್ತವರು ನಾವೇ ಇರಬೇಕು. ಚಿಕ್ಕ ಮೈದುನನಿಗಂತೂ ಬಹಳ ಸಂತೋಷವಾಯಿತು.

ಎಲೆಯಡಿಕೆಯ ಕಥೆ ಮಾತ್ರ ದೊಡ್ಡದು. ತಾಂಬೂಲದ ಸಾಮಗ್ರಿ ದುಬೈಯಲ್ಲಿ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿದೆ. ಅಡಿಕೆ ಬೆಳೆದು ಬದುಕುವ ನಾವು, ನಮ್ಮ ತೋಟದ ಒಂದು ಹೋಳು ಅಡಿಕೆಯನ್ನು ಜೇಬಿನಲ್ಲಿಟ್ಟು ಹೋಗುವಂತಿಲ್ಲ! ದಿನಕ್ಕೆ ಆರೇಳು ಬಾರಿ ಹಾಕುವ ಅತ್ತೆಗೆ ಇದನ್ನು ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಕೊನೆಗೆ ನಾನು ಹೇಳಿದೆ. ಅವರು ಜಗಳವಾಡಲಿಲ್ಲ. ಜನವರಿಯಿಂದಲೇ ವಾರಕ್ಕೊಂದರಂತೆ ಕಡಿಮೆ ಮಾಡುತ್ತ ಬಂದರು. ಹೊರಡುವಾಗ ಲವಂಗ, ಏಲಕ್ಕಿಯ ಸಣ್ಣ ಡಬ್ಬಿ ಸೆರಗಿನಲ್ಲಿತ್ತು. ತಿರುಗಿ ಬಂದು ಕಾಲು ತೊಳೆದು ಮೊದಲು ಎಳೆದುಕೊಂಡದ್ದು ಎಲೆಯ ಹರಿವಾಣವನ್ನೇ. ನಿಮ್ಮ ಮನೆಯಲ್ಲಿ ಇಂಥ ಅಭ್ಯಾಸವಿರುವವರಿದ್ದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುವ ಬದಲು ಮೂರು ತಿಂಗಳ ಮೊದಲೇ ತಿಳಿಸಿ.

ಔಷಧಗಳನ್ನು ಕೈಚೀಲದಲ್ಲಿಯೇ ಇಡಿ, ವೈದ್ಯರ ಚೀಟಿಯ ಸಮೇತ. ಎರಡು ಮೂರು ದಿನಕ್ಕೆ ಹೆಚ್ಚಾಗಿಯೇ ಇರಲಿ. ಕೆಲವು ನೋವಿನ ಗುಳಿಗೆ, ನಿದ್ರೆಯ ಗುಳಿಗೆ, ಕೆಮ್ಮಿನ ಔಷಧಗಳಿಗೆ ಆ ದೇಶದಲ್ಲಿ ಮೊದಲೇ ಅನುಮತಿ ಬೇಕು. ಹೆಚ್ಚು ದಿನಕ್ಕೆ ಇರಲಿ ಎಂದದ್ದೇಕೆಂದರೆ, ೨೦೨೪ರ ಏಪ್ರಿಲ್ ೧೬ರಂದು ಆ ಮರುಭೂಮಿಯಲ್ಲಿ ಎಪ್ಪತ್ತೈದು ವರ್ಷಗಳಲ್ಲಿಯೇ ಕಾಣದಂಥ ಮಳೆ ಸುರಿದು, ದುಬೈಯ ನಿಲ್ದಾಣದಲ್ಲಿ ನೀರು ನಿಂತು ವಿಮಾನಗಳು ದಿನಗಟ್ಟಲೆ ಅಸ್ತವ್ಯಸ್ತವಾದವು. ನಾವೂ ಬಿಸುವಿಗೆ ಐದು ದಿನ ಮೊದಲೇ ಮರಳುವಂತೆ ಟಿಕೆಟು ತೆಗೆದದ್ದು ಅದನ್ನು ನೆನೆದೇ. ಮಕ್ಕಳ ತಂದೆ ಜೊತೆಗೆ ಬಾರದಿದ್ದರೆ ಅವರ ಒಪ್ಪಿಗೆಯ ಪತ್ರವೊಂದು ಕೈಯಲ್ಲಿರಲಿ. ಕೇಳುತ್ತಾರೋ ಇಲ್ಲವೋ, ನಿಮಗೆ ಧೈರ್ಯ. ಟಿಕೆಟು ತೆಗೆಯುವಾಗಲೇ ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ತಿಳಿಸಿ. ದುಬೈ ನಿಲ್ದಾಣದಲ್ಲಿ ನಡೆಯುವುದೆಂದರೆ ಒಂದು ಪೇಟೆಯನ್ನೇ ದಾಟಿದಂತೆ. ಮಾವ, “ನಾನೇನು ರೋಗಿಯಾ?” ಎಂದು ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಅತ್ತೆ ಕುಳಿತರು. ಕುರ್ಚಿಯಲ್ಲಿ ಬಂದವರಿಗೂ ಅವರ ಸಂಗಾತಿಗಳಿಗೂ ಬೇರೆ ಸಾಲು, ಎಲ್ಲರಿಗಿಂತ ಮೊದಲು ಮುಗಿಯಿತು. ಮರಳುವಾಗ ಮಾವನೂ ಮಾತಿಲ್ಲದೆ ಕುಳಿತರು.

ಅಲ್ಲಿಯ ಎಂಟು ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಬಿದ್ದದ್ದು ನಾಲ್ಕು ಸಲ ಮಾತ್ರ. ಮೊದಲು ಬರೆದ ಪಟ್ಟಿಯಲ್ಲಿ ದಿನಕ್ಕೆ ಮೂರು ಸ್ಥಳಗಳಿದ್ದವು; ಮಗಳು ಹಾಕಿದ ಪಟ್ಟಿ. ಅದನ್ನು ದಿನಕ್ಕೆ ಒಂದಕ್ಕೆ ಇಳಿಸಿದೆವು, ಮಧ್ಯಾಹ್ನ ಎಲ್ಲರೂ ಮನೆಯಲ್ಲಿ, ಸಂಜೆ ಬೇಕಾದವರು ಮಾತ್ರ ಹೊರಗೆ. ೮೨೮ ಮೀಟರಿನ ಬುರ್ಜ್ ಖಲೀಫಾದ ಮೇಲೆ ಮಕ್ಕಳು ಹತ್ತಿದರು. ಅತ್ತೆ ಕೆಳಗೆ ಕಾರಂಜಿಯ ಬಳಿ ಕುಳಿತು ಜನರನ್ನು ನೋಡಿದರು, ಅವರಿಗೆ ಅದೇ ಹೆಚ್ಚು ಹಿಡಿಸಿತು. ಅಬುಧಾಬಿಯಲ್ಲಿ ೨೦೨೪ರ ಫೆಬ್ರವರಿಯಲ್ಲಿ ತೆರೆದ ಕಲ್ಲಿನ ದೇವಾಲಯಕ್ಕೆ ಮೊದಲೇ ಹೆಸರು ನೋಂದಾಯಿಸಿ ಒಂದು ದಿನ ಹೋದೆವು. ಹೂವಿನ ತೋಟದಲ್ಲಿ, ಅದನ್ನು ಮಿರಾಕಲ್ ಗಾರ್ಡನ್ ಎನ್ನುತ್ತಾರೆ, ದೊಡ್ಡ ಮೈದುನ ಹೂ ನೋಡಲಿಲ್ಲ. ಬಗ್ಗಿ ಬಗ್ಗಿ ಬುಡದ ಕೊಳವೆಗಳನ್ನೇ ನೋಡಿದ. ಊರಿನ ಕೊಳೆನೀರನ್ನು ಶುದ್ಧಮಾಡಿ ಹನಿ ಹನಿಯಾಗಿ ಬಿಡುತ್ತಾರೆಂದು ತಿಳಿದು, ಆ ರಾತ್ರಿಯೇ ಅಣ್ಣನಿಗೆ ಫೋನು ಮಾಡಿ, “ಕೆಳಗಿನ ತೋಟಕ್ಕೆ ನೀರು ಬಿಟ್ಟೆಯಾ?” ಎಂದು ಕೇಳಿದ. ಬಿಟ್ಟಾಗಿತ್ತು.

ಒಬ್ಬೊಬ್ಬ ಹಿರಿಯರಿಗೆ ಒಬ್ಬೊಬ್ಬ ಮೊಮ್ಮಗುವನ್ನು ಜೋಡಿ ಮಾಡಿದ್ದೆವು. ಮಾವನ ಜೋಡಿ ನನ್ನ ಹನ್ನೆರಡು ವರ್ಷದ ಮಗ. ಮನೆಯ ವಿಳಾಸ, ಫೋನ್ ಸಂಖ್ಯ ಬರೆದ ಚೀಟಿ ಇಬ್ಬರ ಜೇಬಿನಲ್ಲಿಯೂ. ಬುರ್ ದುಬೈಯಿಂದ ದೇರಾಕ್ಕೆ ಕ್ರೀಕ್ ಎಂಬ ಕಡಲ ತೋಡನ್ನು ದಾಟಲು ‘ಅಬ್ರಾ’ ಎಂಬ ಮರದ ದೋಣಿಗಳಿವೆ, ತಲೆಗೊಂದು ದಿರ್ಹಾಮು. ಈ ಇಬ್ಬರೂ ಅದರಲ್ಲಿ ಒಂದು ಸಂಜೆ ಹೋಗಿ, ಬಂದು, ಪುನಃ ಹೋಗಿ, ಪುನಃ ಬಂದರಂತೆ. ಶಾಂತಿಮೊಗರಿನಲ್ಲಿ ಸೇತುವೆಯಾಗುವ ಮೊದಲು ಕುಮಾರಧಾರೆಯನ್ನು ದೋಣಿಯಲ್ಲಿ ದಾಟುತ್ತಿದ್ದದ್ದು, ಮಳೆಗಾಲದಲ್ಲಿ ಕಡವು ನಿಂತು ಮೂರು ದಿನ ಆಚೆಯೇ ಉಳಿದದ್ದು, ಇದನ್ನೆಲ್ಲ ಅಜ್ಜ ಹೇಳಿದರೆಂದು ಮಗ ಬಂದು ನಮಗೆ ಹೇಳಿದ. ನಾವು ಅದನ್ನು ಕೇಳಿದ್ದು ಅದೇ ಮೊದಲು.

ಏಪ್ರಿಲ್ ಒಂಬತ್ತಕ್ಕೆ ಮರಳಿದೆವು. ತೋಟದಲ್ಲಿ ಒಂದು ಸ್ಪ್ರಿಂಕ್ಲರ್ ಮುರಿದದ್ದು ಬಿಟ್ಟರೆ ನಷ್ಟವಿರಲಿಲ್ಲ. ನಮ್ಮವರು ಎರಡು ಕಿಲೋ ಇಳಿದಿದ್ದರು. ಪಾಸ್‌ಪೋರ್ಟುಗಳನ್ನೆಲ್ಲ ಒಟ್ಟುಮಾಡಿ ಮಾವನ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇವೆ, ಆ ಸ್ಟುಡಿಯೋದ ಲಕೋಟೆಯ ಪಕ್ಕದಲ್ಲಿ. ಕಳೆದ ಪತ್ತನಾಜೆಯಂದು ಹೋಗಿದ್ದಾಗ ಮಾವ, “ನೇಪಾಳಕ್ಕೆ ಇದು ಬೇಕಾ?” ಎಂದು ಕೇಳಿದರು. ಬೇಕೆಂದಿಲ್ಲ ಮಾವ, ಮತದಾರರ ಚೀಟಿಯೂ ಆಗುತ್ತದೆ ಎಂದೆ. ಈ ಸಲ ನೀರಿಗೆ ಉಳಿಯುವ ಸರದಿ ಭಾವನದು. ಅವರಿಗೂ ಪಂಪಿನ ಪಾಠ ಸುರುವಾಗಿದೆ.